ಕೋಳಿಗೂಡಿನ ಮೇಲಿನ ಆಂಟೆನಾ

ಶನಿವಾರ, ರಾತ್ರಿ.

ಹಾಳು ಮಾಡಿಲ್ಲ ಕಣೇ ಅಕ್ಕ! ನಿನ್ನ ಕೋಳಿಗೂಡಿನ ತಗಡಿಗೆ ಒಂದು ತೂತೂ ಬಿದ್ದಿಲ್ಲ. ಗಾಡಿಗೆ ಹಾಕುವ ಆಂಟೆನಾ ಅಯಸ್ಕಾಂತದಿಂದ ಕಚ್ಚಿಕೊಳ್ಳುತ್ತದೆ, ಅಷ್ಟೇ. ಕೆಳಗೆ ಅಗಲವಾದ ಕಬ್ಬಿಣ ಬೇಕು. ಮರದ ಕಿಟಕಿಯ ಮೇಲಿಟ್ಟಾಗ, ಲಾರಿಯವರು ಒಬ್ಬರಿಗೊಬ್ಬರು ಮಾತಾಡುವ ಈ ಸಿಬಿ ರೇಡಿಯೋ ಬರೀ ಗೊರಗೊರ ಅನ್ನುತ್ತಿತ್ತು. ತಗಡಿನ ಮೇಲಿಟ್ಟು "ಹಲೋ, ಕೇಳಿಸ್ತಿದೆಯಾ?" ಅಂದೆ, ಲಾರಿ ಓಡಿಸುತ್ತಿದ್ದ ಅಪ್ಪನ ದನಿ ಬಂತು!

"ಯಾರಪ್ಪಾ ನೀನು? ಪಕ್ಕದಲ್ಲೇ ಕೂತು ಮಾತಾಡ್ದಂಗಿದೆ. ಭಲೇ ಕೈಚಳಕ ಬಿಡು ನಿಂದು!"

ಸ್ಕೂಲು ಬಿಟ್ಟಾಗಿನಿಂದ ನನ್ನನ್ನು ದಂಡಪಿಂಡ ಅನ್ನುವ ಅಪ್ಪ!

"ನಾನೇ, ನಿಮ್ಮ ದಂಡಪಿಂಡ," ಅಂದೆ.

ಅಪ್ಪ ಗೇರ್ ಬದಲಾಯಿಸಿದ ಸದ್ದು ಕೇಳಿಸಿತು. ಆಮೇಲೆ, "ನಾಳೇನೂ ಸಿಗೋ," ಅಂದರು.

ಈಗ ಅಕ್ಕ ಆಂಟೆನಾ ಕಿತ್ತು ಬಿಸಾಡುತ್ತಾಳಂತೆ. ಕೀಳಲಿ ನೋಡೋಣ! ಚಾಪೆ ಎತ್ತಿಕೊಂಡು ಗೂಡಿನ ಪಕ್ಕದಲ್ಲೇ ಮಲಗುತ್ತೇನೆ. ಮನೆಯೆಲ್ಲ ಎದ್ದು ಕೂರುವ ಹಾಗೆ ಬಾಗಿಲು ದಢಾರ್ ಅಂತ ಹಾಕಿಯೇ ಹೋಗುವುದು—