ಹಿನ್ನೀರ ದಂಡೆಯ ಹಸಿ ಹುಲ್ಲು

ಹಿನ್ನೀರ ಹೊಲ, ಸವದತ್ತಿ
14 ಜುಲೈ 2024, ರವಿವಾರ

ಮಗ ಅಜಿತನಿಗೆ ಅಪ್ಪನ ಜೈಭೀಮ. ಸೊಸೆ ಪ್ರಣಿತಾಳಿಗೂ ಹೇಳು.

ಯುಗಾದಿಗೆ ಬರೆಯಬೇಕೆಂದು ಕಾಗದ ತಂದಿಟ್ಟವನು ಈಗ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಸಿಟ್ಟಾಗಬೇಡ. ಫೋನಿನಲ್ಲಿ ನಾನು "ಆರಾಮ ಅದೀ ಏನಪಾ" ಎನ್ನುತ್ತೇನೆ, ನೀನು "ಹೂಂ" ಎಂದು ಫೋನನ್ನು ಪ್ರಣಿತಾಳ ಕೈಗೆ ಕೊಡುತ್ತೀ. ಅವಳು ಪಾಪ, ಮಳೆಯಿಂದ ಹಿಡಿದು ನನ್ನ ಬಿ.ಪಿ. ಗುಳಿಗೆಯ ತನಕ ಎಲ್ಲ ಕೇಳುತ್ತಾಳೆ. ಕಟಕೋಳದ ನಿಮ್ಮ ಸಾಲೆ ಶುರುವಾಯಿತು, ಈ ವರ್ಷ ನಿನಗೆ ಕಲಿಸಲು ಹತ್ತನೆಯ ತರಗತಿ ಕೊಟ್ಟಿದ್ದಾರೆ ಎನ್ನುವುದನ್ನೂ ಅವಳೇ ಹೇಳಿದಳು. ನಿಮ್ಮವ್ವನ ಮೊಣಕಾಲು ಮೊದಲಿನಂತೆಯೇ ಇದೆ. ಉಳಿದಂತೆ ಆರಾಮ.

ನಮ್ಮ ಕುದುರೆ ಚಾಂದನಿಗೆ ಆರಾಮ ಇರಲಿಲ್ಲ. ಈಗ ಎದ್ದು ಓಡಾಡುತ್ತಿದ್ದಾಳೆ. ನೀನು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಹೇಳಿಬಿಟ್ಟೆ.

ಈ ಸಲ ಜೂನಿನ ಮಿರಗ ಮಳೆ ಚೆನ್ನಾಗಿ ಹಿಡಿಯಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬಿರಿದು ಬಿದ್ದಿದ್ದ ಎರೆನೆಲ ನಿನಗೆ ನೆನಪಿರಬೇಕು, ನಮ್ಮ ಹೊಲದ ಬೇಲಿಯಿಂದ ಹಿನ್ನೀರಿನ ತನಕ. ಒಂದು ವಾರದಲ್ಲಿ ಅದರ ಮೇಲೆಲ್ಲ ಕರಿಕೆ ಎದ್ದು ನಿಂತಿತು. ಮುಂಜಾನೆ ನೀರಿನ ಮೇಲಿನ ಮಂಜು ಮೆಲ್ಲಗೆ ದಂಡೆಗೆ ಬಂದು ಹುಲ್ಲಿನ ಮೇಲೆ ಮಲಗುತ್ತದೆ. ಆಗ ಕುದುರೆಗಳ ಕಾಲು ಕಾಣುವುದಿಲ್ಲ. ಚಾಂದನಿಯ ಬಿಳಿ ಬೆನ್ನು, ಮುದಿ ತಟ್ಟುಗುದುರೆ ಬಾದಲನ ಕಂದು ಬೆನ್ನು ಎರಡೇ ತೇಲುತ್ತಿರುತ್ತವೆ. ಬೆಳ್ಳಕ್ಕಿ ಒಂದು ಹಾರಿಬಂದು ಬಾದಲನ ಮೇಲೆ ಕುಳಿತರೂ ಅವನು ತಲೆ ಎತ್ತುವುದಿಲ್ಲ. ಇಷ್ಟು ನೋಡುತ್ತ ನಾನು ಬೇಲಿಯ ಕಲ್ಲಿನ ಮೇಲೆ ಕುಳಿತರೆ ಚಹಾ ಆರಿಹೋಗುತ್ತದೆ. ನಿಮ್ಮವ್ವ ಬಂದು, "ಅದರ ಮಾರಿ ನೋಡಿದ್ರ ಹೊಟ್ಟಿ ತುಂಬತೈತೇನು?" ಎನ್ನುತ್ತಾಳೆ. ತುಂಬುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಸುಖದಲ್ಲೇ ನಾನು ತಪ್ಪಿದೆ. ಬೇಸಿಗೆಯೆಲ್ಲ ಒಣ ಜೋಳದ ಕಣಕಿ, ಎರಡು ಹಿಡಿ ಹುರುಳಿ ತಿಂದಿದ್ದಾಳೆ, ಈಗಾದರೂ ಹೊಟ್ಟೆ ತುಂಬ ಮೇಯಲಿ ಎಂದು ಐದು ದಿನ ಬೆಳಗಿನಿಂದ ಸಂಜೆಯ ತನಕ ಬಿಟ್ಟೆ. ಆರನೆಯ ದಿನ ನೋಡಿದರೆ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಬೆಲ್ಲ ತೋರಿಸಿದರೂ ಹೆಜ್ಜೆ ಕೀಳಲಿಲ್ಲ. ಗೊರಸು ಮುಟ್ಟಿದೆ, ಈಗಷ್ಟೇ ಒಲೆಯಿಂದ ಇಳಿಸಿದ ತವೆಯ ಹಾಗಿತ್ತು.

ಬೈಲಹೊಂಗಲದಿಂದ ದನದ ಡಾಕ್ಟರ್ ಪೂನಮ್ ಬಂದಳು. ನಿನಗಿಂತ ಸಣ್ಣ ಹುಡುಗಿ. ಗೊರಸಿನ ಮೇಲಿನ ನಾಡಿ ಹಿಡಿದು ನೋಡಿ ಕೇಳಿದಳು.

"ಸೋಮಪ್ಪಾವ್ರ, ಹುಲ್ಲಿನ್ಯಾಗ ಎಷ್ಟ ದಿವಸ ಬಿಟ್ಟಿದ್ರಿ?"

"ಐದು ದಿವಸ್ರಿ."

"ಇಡೀ ದಿನಾ?"

"ಹೂಂರಿ."

"ಇದು ಎಮ್ಮಿ ಅಲ್ರಿ. ಹೊಸಾ ಹುಲ್ಲಿನ್ಯಾಗ ಸಕ್ಕರಿ ಭಾಳ ಇರತೈತಿ. ಅದು ಹೊಟ್ಟ್ಯಾಗ ಕೆಟ್ಟು ಗೊರಸಿಗೆ ಬಾವು ಬಂದೈತಿ. ಒಳಗ ಎಲುಬು ಜಾರಿತಂದ್ರ ಮತ್ತ ಏಳಂಗಿಲ್ಲ."

ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದವನು ನಾನು. ಹಸಿ ಮೇವು ಒಮ್ಮೆಲೇ ಹಾಕಬೇಡಿ, ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿರಿ ಎಂದು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೋ. ಆ ಹುಡುಗಿಯ ಮುಂದೆ ನೆಲ ನೋಡುತ್ತ ನಿಂತೆ. ಅವಳು ಇಂಜೆಕ್ಷನ್ ಕೊಟ್ಟು, ಕೈ ತೊಳೆದುಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಹತ್ತು ದಿವಸ ನೋಡೂಣ್ರಿ. ಆಮ್ಯಾಲೂ ಮಲಗೇ ಇದ್ರ, ನರಳಾಕ ಬಿಡೂದು ಛಲೋ ಅಲ್ಲ." ಆ ಮಾತಿನ ಅರ್ಥ ನಿಮ್ಮವ್ವನಿಗೆ ಆಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಕೊಟ್ಟಿಗೆಯಲ್ಲಿ ಮೊಣಕಾಲುದ್ದ ಮರಳು ಹಾಕಿಸಿದೆ. ಹುಲ್ಲು, ಹುರುಳಿ, ಬೆಲ್ಲ ಎಲ್ಲ ಬಂದ್. ಕಣಕಿಯನ್ನು ಕತ್ತರಿಸಿ, ಸಕ್ಕರೆ ಇಳಿಯಲೆಂದು ನೀರಲ್ಲಿ ನೆನೆಹಾಕಿ, ಹಿಂಡಿ, ದಿನಕ್ಕೆ ನಾಲ್ಕು ಸಲ ಅಷ್ಟಿಷ್ಟು ಕೊಡುವುದು. ಗೊರಸು ತಣ್ಣಗಿರಬೇಕೆಂದು ಡಾಕ್ಟರು ಹೇಳಿದ್ದಳು, ಹಾಗಾಗಿ ಬೆಳಕು ಹರಿಯುವಾಗ ಹಿನ್ನೀರಿಗೆ ಇಳಿಸುತ್ತಿದ್ದೆ. ಕೊಟ್ಟಿಗೆಯಿಂದ ನೀರಿಗೆ ನಲವತ್ತು ಹೆಜ್ಜೆ. ಮೊದಲ ದಿನ ಅಷ್ಟಕ್ಕೇ ಅರ್ಧ ತಾಸು ಹಿಡಿಯಿತು. ನೀರು ಕಾಲಿಗೆ ತಾಗಿದ್ದೇ ಅವಳು ಒಂದು ಉದ್ದನೆಯ ಉಸಿರು ಬಿಟ್ಟಳು. ನಾನೂ ಪ್ಯಾಂಟು ಮಡಚಿ ಪಕ್ಕದಲ್ಲೇ ನಿಂತೆ. ಅವಳ ಗದ್ದ ನನ್ನ ಹೆಗಲ ಮೇಲೆ. ಸುತ್ತಲೂ ಮಂಜು, ದಂಡೆ ಎಲ್ಲಿ ಮುಗಿಯಿತು ನೀರು ಎಲ್ಲಿ ಶುರುವಾಯಿತು ತಿಳಿಯದು. ಎಲ್ಲೋ ಮೀನುಗಾರರ ತೆಪ್ಪದ ಹುಟ್ಟಿನ ಸಪ್ಪಳ. ಸಣ್ಣ ಮೀನು ಬಂದು ನನ್ನ ಹಿಮ್ಮಡಿಯನ್ನೂ ಅವಳ ಗೊರಸನ್ನೂ ಮುಟ್ಟಿ ನೋಡಿ ಹೋಗುತ್ತಿದ್ದವು. ಹಾಗೆ ನಿಂತಲ್ಲೇ ನನಗೆ ಜೋಂಪು ಹತ್ತುತ್ತಿತ್ತು. ಅವಳು ನಡೆಯುತ್ತಿದ್ದಾಳೆ, ನಾನು ಅವಳ ಬೆನ್ನ ಮೇಲೆ ಇದ್ದೇನೆ, ಕೆಳಗೆ ನೆಲವೇ ಇಲ್ಲ ಎನ್ನಿಸುತ್ತಿತ್ತು. ಎಚ್ಚರಾದರೆ ಇಬ್ಬರೂ ನಿಂತಲ್ಲೇ ನಿಂತಿರುತ್ತಿದ್ದೆವು.

ಕುರಿ ಮೇಯಿಸುವ ಲಗಮವ್ವ ಒಂದು ದಿನ ದಂಡೆಯಲ್ಲಿ ಕೋಲೂರಿ ನಿಂತು ನಮ್ಮನ್ನು ಬಹಳ ಹೊತ್ತು ನೋಡಿದಳು.

"ಹಾಲು ಕೊಡಂಗಿಲ್ಲ, ಹೊಲದಾಗ ಗಳೇ ಹೊಡಿಯಂಗಿಲ್ಲ. ಇದನ್ನ ಯಾಕ ಸಾಕೀರಿ ಯಣ್ಣಾ?"

"ಹಿಂಗ, ಸುಮ್ಮನ," ಎಂದೆ.

"ಸುಮ್ಮನ ಸಾಕಿದ್ದಕ್ಕ ಇಷ್ಟು ಸಂಕಟಾ?" ಎಂದು ಅಲ್ಲೇ ಕುಳಿತಳು. ಮರುದಿನದಿಂದ ನಾನು ಹೊರಗೆ ಹೋದಾಗ ಅವಳೇ ಬಂದು ಗೊರಸಿಗೆ ನೀರು ಸುರಿಯತೊಡಗಿದಳು.

ಡಾಕ್ಟರು ಬಂದು ಹೋದ ಎಂಟನೆಯ ದಿನ ಚಾಂದನಿ ಮಲಗಿದವಳು ಏಳಲಿಲ್ಲ. ಒಂಬತ್ತನೆಯ ದಿನವೂ ಇಲ್ಲ. ಬಾದಲ ಬೇಲಿಯ ಆಚೆ ನಿಂತು ಮೇವು ಬಿಟ್ಟ. ನಿಮ್ಮವ್ವ ಮೊಣಕಾಲು ನೋವನ್ನೂ ಮರೆತು ಮರಳಿನಲ್ಲಿ ಕುಳಿತು ಅವಳ ಕಿವಿಯ ಹಿಂದೆ ತುರಿಸುತ್ತ, "ಏಳವ್ವಾ, ನನಗೂ ಏಳಾಕ ಆಗವಲ್ದು, ಇಬ್ಬರೂ ಕೂಡೇ ಏಳೂಣು" ಎನ್ನುತ್ತಿದ್ದಳು. ನಾನು ಪೂನಮ್‌ಗೆ ಫೋನು ಮಾಡಲು ಎರಡು ಸಲ ತೆಗೆದು ಎರಡು ಸಲವೂ ಕಿಸೆಯಲ್ಲಿಟ್ಟೆ.

ಹತ್ತನೆಯ ದಿನ ಮುಂಜಾನೆ ನಾನು ಕಣಕಿ ಹಿಂಡುತ್ತಿದ್ದಾಗ ಹಿಂದಿನಿಂದ ಮರಳು ಸರಿದ ಸಪ್ಪಳ ಕೇಳಿತು. ತಿರುಗಿದರೆ ನಿಂತಿದ್ದಾಳೆ. ಕಾಲು ನಡುಗುತ್ತಿದ್ದವು. ಬಾದಲನ ಕಡೆ ಮುಖ ಮಾಡಿ ಒಮ್ಮೆ ಕೆನೆದಳು. ಅವನು ಆಚೆಯಿಂದ ಉತ್ತರ ಕೊಟ್ಟ. ಕಣಕಿಯನ್ನು ಅಲ್ಲೇ ಬಿಟ್ಟು ನಿಮ್ಮವ್ವನನ್ನು ಕರೆಯಲು ಓಡಿದೆ.

ಆಮೇಲೆ ಲಾಳ ಹೊಡೆಯುವ ನಾಲಬಂದ ಮಲಕಾಜಪ್ಪ ಬಂದು ಗೊರಸಿನ ತುದಿ ಕೆತ್ತಿ ಸರಿಮಾಡಿದ. ಈ ವಾರದಿಂದ ದಿನಾ ಬೆಳಿಗ್ಗೆ ಕಾಲು ತಾಸು ಮೇಯಲು ಬಿಡುತ್ತೇನೆ, ಅದೂ ಎತ್ತಿಗೆ ಕಟ್ಟುವ ಬಾಯಿಕುಕ್ಕೆ ಹಾಕಿ, ಅದರ ತಳದಲ್ಲಿ ಎರಡು ಬೆರಳಿನಷ್ಟು ತೂತು ಮಾಡಿ. ಒಂದೊಂದೇ ಎಸಳು ಬಾಯಿಗೆ ಸಿಗುತ್ತದೆ. ಬಿಸಿಲು ಏರಿದ ಮೇಲೆ ಹುಲ್ಲಿನಲ್ಲಿ ಸಕ್ಕರೆ ಹೆಚ್ಚಾಗುತ್ತದಂತೆ, ಅದಕ್ಕೇ ಬೆಳಿಗ್ಗೆ. ಅವಳು ಮುನಿಸಿಕೊಂಡು ನನ್ನ ಕಡೆ ಬೆನ್ನು ತಿರುಗಿಸಿ ಮೇಯುತ್ತಾಳೆ. ಅವಳ ಮೇಲೆ ಯಾರೂ ಹತ್ತುವುದು ಬೇಡ, ಒಂದು ವರ್ಷವಾದರೂ ಬೇಡ ಎಂದಿದ್ದಾಳೆ ಪೂನಮ್. ಹತ್ತದಿದ್ದರೆ ಏನಾಯಿತು. ಕಣ್ಣ ಮುಂದೆ ಇದ್ದರೆ ಸಾಕು.

ನಿನ್ನ ಸಾಲೆಯ ಹುಡುಗರು ಚೆನ್ನಾಗಿ ಓದಲಿ. ನೀನೂ ಪ್ರಣಿತಾಳೂ ಒಬ್ಬರ ಮಾತು ಒಬ್ಬರು ಕೇಳಿಕೊಂಡು ಸುಖವಾಗಿರಿ. ನಿಮ್ಮಿಬ್ಬರ ಬಾಳು ತಂಪಾಗಿರಲೆಂದು ನಾನೂ ನಿಮ್ಮವ್ವನೂ ದಿನಾ ನೆನೆಯುತ್ತೇವೆ.

ನಿನ್ನ ಅಪ್ಪ,
ಸೋಮಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದವನು ಮತ್ತೆ ಬಿಚ್ಚಿದ್ದೇನೆ. ಯುಗಾದಿಯಿಂದ ಬರೆಯಲಾಗದೆ ಉಳಿದದ್ದು ಇದೇ.

ಎರಡು ವರ್ಷದ ಹಿಂದೆ ನಿನ್ನ ಮದುವೆಯ ಮೆರವಣಿಗೆಯಲ್ಲಿ, ಪ್ರಣಿತಾಳ ಊರಿನಲ್ಲಿ, ನೀನು ಬಾಸಿಂಗ ಕಟ್ಟಿಕೊಂಡು ಚಾಂದನಿಯ ಮೇಲೆ ಕುಳಿತಿದ್ದೆ. ಲಗಾಮು ನನ್ನ ಕೈಯಲ್ಲಿತ್ತು. ಚಾವಡಿಯ ತಿರುವಿನಲ್ಲಿ ನಾನು ಕುದುರೆ ನಿಲ್ಲಿಸಿ, "ಊರ ಹಿರ್ಯಾರು ಹೇಳಿ ಕಳಸ್ಯಾರ, ಇಲ್ಲಿಂದ ಮುಂದ ಕುದುರಿ ಮ್ಯಾಲ ಬ್ಯಾಡಂತ. ಇಳಿಯಪಾ" ಎಂದೆ. "ಅದಕ್ಕ ನೀ ಏನಂದಿ?" ಎಂದು ನೀನು ಕೇಳಿದೆ. ನಾನು ಲಗಾಮು ಬಿಗಿಹಿಡಿದು ನಿಂತೆ. ನೀನು ಇಳಿದು ನಡೆದುಕೊಂಡು ಹೋದೆ. ಅಂದಿನಿಂದ ನೀನು ಆ ಊರಿಗೆ ಕಾಲಿಟ್ಟಿಲ್ಲ. ಪ್ರಣಿತಾ ತವರಿಗೆ ಒಬ್ಬಳೇ ಹೋಗಿ ಬರುತ್ತಾಳೆ.

ಅಜಿತ, ಅವತ್ತು ಯಾರೂ ಏನೂ ಹೇಳಿ ಕಳಿಸಿರಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಹತ್ತೆಂಟು ಜನ ಕುಳಿತದ್ದು ಕಂಡಿತು, ಅಷ್ಟೇ. ನಿಮ್ಮಜ್ಜ ಅಂಥದ್ದೇ ಒಂದು ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುವುದನ್ನು ಚಿಕ್ಕವನಿದ್ದಾಗ ನೋಡಿದ್ದೆ. ನನ್ನ ಕೈ ತಾನೇ ಲಗಾಮು ಎಳೆಯಿತು. ನಾನು ಹೆದರಿದೆ ಎಂದು ಮದುಮಗನಾದ ನಿನ್ನ ಮುಂದೆ ಹೇಳಲು ನಾಚಿಕೆಯಾಗಿ ಆ ಊರಿನವರ ಹೆಸರು ಹೇಳಿದೆ.

ಹೋದ ತಿಂಗಳು ಕಣಕಿ ತರಲು ಬೈಲಹೊಂಗಲಕ್ಕೆ ಹೋದಾಗ ಆ ಊರಿನ ಶಂಕರೆಪ್ಪ ಎಂಬ ಹಿರಿಯರು ಸಿಕ್ಕಿದ್ದರು. "ನಿಮ್ಮ ಹುಡುಗ ಕುದುರಿ ಮ್ಯಾಲ ಬರತಾನಂತ ಅವತ್ತ ನಾವು ಕಟ್ಟಿ ಮ್ಯಾಲ ಕುಂತು ದಾರಿ ನೋಡಿದ್ವಿ. ಯಾಕ ನಡಕೋತ ಬಂದ್ರಿ?" ಎಂದು ಕೇಳಿದರು. ಅವರು ಹೇಳಿದ್ದು ನಿಜವೋ, ಮಾತಿಗೆ ಹೇಳಿದರೋ ನನಗೆ ಗೊತ್ತಿಲ್ಲ. ನಾನು ನಿನಗೆ ಹೇಳಿದ್ದು ಸುಳ್ಳು.

ಇದನ್ನು ಪ್ರಣಿತಾಳಿಗೂ ಓದಿಸು. ಶ್ರಾವಣದಲ್ಲಿ ಅವಳು ತವರಿಗೆ ಹೊರಟಾಗ ಜೊತೆಗೆ ನೀನೂ ಹೋಗು. ಈ ಸುಳ್ಳಿಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ನಮ್ಮ ಮನೆಗೆ ಬರುವುದು ಬಿಡುವುದು ಆಮೇಲೆ ನೋಡೋಣ.