ಮೂವತ್ತೆಂಟು ಟೇಪುಗಳ ಮೊದಲ ನಿಮಿಷ

ನಮ್ಮ ಊರಿನ ಗ್ರಂಥಾಲಯದ ಧ್ವನಿ ಸಂಗ್ರಹ ವಿಭಾಗದ ಮಾನ್ಯ ನಿರ್ದೇಶಕರೇ,

ಬರುವ ನವೆಂಬರ್ ಹದಿನೇಳರ ಶುಕ್ರವಾರ ನಿಮ್ಮ ಕಚೇರಿ ಮೂವತ್ತೆಂಟು ಸ್ಪೂಲ್ ಟೇಪುಗಳನ್ನು ಕಸಕ್ಕೆ ಹಾಕಲಿದೆ. ಕಾರಣವನ್ನು ನೀವೇ ತಿಳಿಸಿದ್ದೀರಿ: ‘ಗದ್ದಲ ಮಾತ್ರ. ಮಾತಿಲ್ಲ. ಉಳಿಸುವ ಯೋಗ್ಯತೆ ಇಲ್ಲ.’ ಆ ಗದ್ದಲ ಏನೆಂದು ಈ ಖಂಡದಲ್ಲಿ ಬಲ್ಲವರು ಇಬ್ಬರೇ. ಒಬ್ಬರಿಗೆ ಈಗ ಮಾತು ಬರುವುದಿಲ್ಲ. ಇನ್ನೊಬ್ಬ ನಾನು. ನನ್ನ ಬಾಯಿ ಮುಚ್ಚಿಸುವುದು ಅಮೆರಿಕದ ಈ ಸ್ಟರ್ಲಿಂಗಿನಲ್ಲಿ ಇದುವರೆಗೆ ಯಾರಿಂದಲೂ ಆಗಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಬಂಟ್ವಾಳದ ಕಡೆಯ ಹಳ್ಳಿ ಶಾಲೆಯಲ್ಲಿ. ಆದರೆ ಇಪ್ಪತ್ತೆರಡರ ಪ್ರಾಯಕ್ಕೆ ಕೊಲಂಬೊದ ಒಂದು ರೇಡಿಯೊ ನಿಲಯದ ಕ್ಯಾಂಟೀನಿನ ಒಲೆ ನನ್ನ ಕೈಯಲ್ಲಿತ್ತು. ನನ್ನ ಚಹಾ ಕುಡಿಯದೆ ಅಲ್ಲಿ ವಾರ್ತೆ ಓದಿದವರಿಲ್ಲ. ಆಮೇಲಿನ ಹಡಗಿನ ಅಡುಗೆಮನೆ, ವರ್ಜೀನಿಯಾದ ಹೋಟೆಲು, ಅವೆಲ್ಲ ಬೇರೆ ಪುರಾಣ. ಕೇಳಲು ನಿಮಗೆ ಪುಣ್ಯ ಬೇಕು.

ಸುಮನಾವತಿ ಹಪುಗೊಡ ಆ ನಿಲಯದ ಸಿಂಹಳ ವಿಭಾಗದ ಉದ್ಘೋಷಕಿ. ನನಗೆ ಅಕ್ಕ, ಅವರಿಗೆ ನಾನು ‘ಮಲ್ಲಿ’, ಅಂದರೆ ತಮ್ಮ. ಹೆಂಗಸಿನ ಧ್ವನಿ ಅಡುಗೆ ಕಾರ್ಯಕ್ರಮಕ್ಕೆ ಮಾತ್ರ ಲಾಯಕ್ಕು ಎಂದು ಮೇಲಿನವರು ನಂಬಿದ್ದ ಕಾಲದಲ್ಲಿ ಮೀನುಗಾರರಿಗೆ ಗಾಳಿ-ಮಳೆಯ ಸುದ್ದಿ ಓದಿದವರು ಅವರು. ಹಾಡನ್ನೂ ಬರೆಯುತ್ತಿದ್ದರು. ಹಾಡಿಗೆ ಒಪ್ಪಿಗೆ ಕೊಡಲು ಅಲ್ಲಿಯೂ ಒಂದು ಸಮಿತಿ ಇತ್ತು. ಸಮಿತಿ ಇಲ್ಲದ ದೇಶ ಎಲ್ಲಿದೆ ಸ್ವಾಮಿ? ‘ಬಾವಿಯ ಹಗ್ಗಕ್ಕೆ ನನ್ನ ಅಂಗೈ ಗೊತ್ತಿರುವಷ್ಟು ನನ್ನ ಗಂಡನಿಗೆ ಗೊತ್ತಿಲ್ಲ’ ಎಂಬ ಅವರ ಹಾಡನ್ನು ಆ ಸಮಿತಿ ಸಂಸಾರಕ್ಕೆ ಮಾರಕವೆಂದು ತಳ್ಳಿಹಾಕಿತು. ಅಕ್ಕ ಏನು ಮಾಡಿದರು? ಇಲ್ಲದ ಊರೊಂದರ ಹೆಂಗಸು ಬರೆದ ಪತ್ರವೆಂದು ಹೇಳಿ ಅದನ್ನೇ ಪ್ರಸಾರದಲ್ಲಿ ಓದಿದರು. ಮರುವಾರ ಆ ಇಲ್ಲದ ಊರಿಗೆ ನಿಜವಾದ ಹೆಂಗಸರಿಂದ ಒಂದು ಚೀಲ ಉತ್ತರ ಬಂತು! ಹೀಗೆ ತಿರಸ್ಕೃತವಾದ ಒಂದೊಂದು ಹಾಡೂ ಯಾರದೋ ಪತ್ರವಾಗಿ ಹೊರಬಿತ್ತು. ಯಾವ ಪುಸ್ತಕದಲ್ಲೂ ಅವು ಅಚ್ಚಾಗಿಲ್ಲ. ಇರುವುದು ನಿಮ್ಮ ಕಪಾಟಿನಲ್ಲಿ ಮಾತ್ರ, ಶುಕ್ರವಾರದವರೆಗೆ.

ಪ್ರಸಾರಕ್ಕೆ ಮೊದಲು ಟೇಪು ಕೇಳಿ ಸಹಿ ಹಾಕುತ್ತಿದ್ದ ಸಮಿತಿಯ ಕಿವಿಗೆ ಅವು ಬೀಳಲಿಲ್ಲವೇಕೆ? ಸ್ಟುಡಿಯೊದಲ್ಲಿ ಒಂದು ಮುದಿ ಫ್ಯಾನು ಇತ್ತು. ಉಳಿದವರು ಫ್ಯಾನು ನಿಲ್ಲಿಸಿ, ಅದರ ಸದ್ದು ಅಡಗಿದ ಮೇಲೆ ರೆಕಾರ್ಡಿಂಗ್ ಮೆಷಿನು ಹಾಕಿಸುತ್ತಿದ್ದರು. ಅಕ್ಕ ಮೊದಲು ಮೆಷಿನು ಹಾಕಿಸಿ, ಆಮೇಲೆ ಚಹಾ ಹಿಡಿದು ಬಂದ ನನಗೆ ಕಣ್ಸನ್ನೆ ಮಾಡುತ್ತಿದ್ದರು; ಸ್ವಿಚ್ಚು ಆರಿಸುವ ಮಹತ್ಕಾರ್ಯ ನನ್ನದು. ರೆಕ್ಕೆ ಗರಗರ ಸುತ್ತಿ ನಿಲ್ಲಲು ಸರಿಯಾಗಿ ಒಂದು ನಿಮಿಷ. ಸಮಿತಿಯವರು ಟೇಪಿನ ತಲೆಯನ್ನಷ್ಟೇ ಕೇಳುತ್ತಾರೆಂದು ಅಕ್ಕನಿಗೆ ಗೊತ್ತಿತ್ತು. ಗರಗರಕ್ಕೆ ಬೇಸತ್ತು ಅವರು ಸಹಿ ಹಾಕಿ ಎದ್ದುಹೋಗುತ್ತಿದ್ದರು.

ನಿಮ್ಮ ತಂತ್ರಜ್ಞರಿಗೆ ಫೋನು ಮಾಡಿ ವಿಚಾರಿಸಿದೆ. ‘ಒಂದೊಂದು ಟೇಪು ಎಷ್ಟು ಹೊತ್ತು ಕೇಳಿದ್ರಿ?’

‘ಮೂವತ್ತು ಸೆಕೆಂಡು ಸರ್. ರೂಲ್ ಅದೇ.’

ಅಬ್ಬಾ! ಐವತ್ತು ವರ್ಷದ ಹಿಂದೆ ಒಂದು ಸಮಿತಿಯ ಸೋಮಾರಿತನ ಈ ಹಾಡುಗಳನ್ನು ಬದುಕಿಸಿತು. ಈಗ ಇನ್ನೊಂದರ ಸೋಮಾರಿತನ ಕೊಲ್ಲಹೊರಟಿದೆ. ಇನ್ನೊಂದು ಅರ್ಧ ನಿಮಿಷ ಕಾದಿದ್ದರೆ ನಿಮ್ಮ ಗ್ರಂಥಾಲಯ ಮುಳುಗುತ್ತಿತ್ತೇ?

ಟೇಪು ವಾಪಸು ಕೊಡಿ ಎಂದರೆ, ದಾನಪತ್ರದ ಪ್ರಕಾರ ಆಗುವುದಿಲ್ಲ ಎನ್ನುತ್ತೀರಿ. ಆ ಪತ್ರದ ಸಂಗತಿ ನಾನು ಬರೆಯಲೇಬೇಕು, ಬರೆಯಲು ಕೈ ಬರುತ್ತಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅಕ್ಕನ ಮಾತೂ ಬಲಗೈಯೂ ಹೋದವು. ಅಮೆರಿಕಕ್ಕೆ ಬರುವಾಗ ಅವರು ಹೊತ್ತುತಂದಿದ್ದ ಆ ಟೇಪುಗಳನ್ನು ಓಡಿಸುವ ಮೆಷಿನು ಅವರಲ್ಲಿ ಇರಲಿಲ್ಲ. ‘ಗ್ರಂಥಾಲಯದವರೆಲ್ಲ ನನ್ನ ದೋಸ್ತಿಗಳು, ಕೇಳುವ ಹಾಗೆ ಮಾಡಿಸಿಕೊಡುತ್ತೇನೆ’ ಎಂದು ಕೊಚ್ಚಿ, ಅವರ ಪರವಾಗಿ ಸಹಿ ಹಾಕಿದವನು ನಾನೇ. ನಿಮ್ಮ ಉತ್ತರ ಬಂದ ದಿನ ಮಗಳು ಅಶ್ವಿತಾ ಆ ಫಾರಮ್ಮು ಬಿಡಿಸಿ ನೋಡಿದಳು.

‘ಅಪ್ಪ, ಈ ಬಾಕ್ಸ್ ಯಾಕೆ ಟಿಕ್ ಮಾಡಿದ್ದು? ಡಿಸ್ಕಾರ್ಡ್ ಮಾಡ್ಬಹುದು, ರಿಟರ್ನ್ ಬೇಡ ಅಂತ ಉಂಟು. ನೀವು ಓದಿದ್ರಾ?’

‘ಓದದೆ ಯಾರಾದ್ರೂ ಟಿಕ್ ಮಾಡ್ತಾರಾ ಮಾರಾಯ್ತಿ?’

‘ಹಾಗಾದ್ರೆ ಈಗ ಓದಿ. ಈ ಒಂದೇ ಲೈನ್. ಜೋರಾಗಿ.’

ಕನ್ನಡಕ ಒರೆಸಿದೆ. ಮತ್ತೂ ಒರೆಸಿದೆ. ಅವಳು ಕಾದಳು. ಆಮೇಲೆ ಮೆಲ್ಲಗೆ, ‘ಎಷ್ಟು ವರ್ಷದಿಂದ ಅಪ್ಪ?’ ಎಂದಳು.

‘ಮೊದಲಿನಿಂದಲೂ.’

ಇಂಗ್ಲಿಷು ನಾನು ಮಾತಾಡಬಲ್ಲೆ, ಬೈಯಬಲ್ಲೆ, ಓದಲಾರೆ. ಮೂವತ್ತು ವರ್ಷ ಹೋಟೆಲಿನ ಆರ್ಡರುಗಳನ್ನು ಚೀಟಿ ನೋಡದೆ ಬಾಯಲ್ಲೇ ಹೇಳಿಸಿಕೊಂಡೆ. ಎಂಥಾ ಜ್ಞಾಪಕಶಕ್ತಿ ಎಂದು ಜನ ಹೊಗಳಿದರು, ನಾನು ಹೊಗಳಿಸಿಕೊಂಡೆ. ಈ ಪತ್ರವನ್ನು ಕನ್ನಡ ಸಂಘದ ಪತ್ರಿಕೆಗೆ ಕನ್ನಡದಲ್ಲೇ ಬರೆಯುತ್ತಿರುವುದೂ ಅದಕ್ಕೇ. ನಿಮ್ಮ ಮೇಜಿಗೆ ಇಂಗ್ಲಿಷಿನ ಪ್ರತಿಯನ್ನು ಅಶ್ವಿತಾ ತಲುಪಿಸುತ್ತಾಳೆ. ಇನ್ನು ಮುಂದೆ ಸಂಘದ ಊಟದ ಪಂಕ್ತಿಯಲ್ಲಿ ಯಾರು ನಗುತ್ತಾರೋ ನಗಲಿ.

ಮೊನ್ನೆ ಮಂಗಳವಾರ ವೃದ್ಧರ ನಿವಾಸಕ್ಕೆ ಹೋಗಿದ್ದೆ. ಅಕ್ಕನಿಗೆ ತೊಂಬತ್ತೊಂದು. ಎಡಗೈಯ ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ಕೇಳಿದರು: ಟೇಪು ಓಡುತ್ತಿದೆಯೇ? ‘ಓಡುತ್ತಿದೆ ಅಕ್ಕ, ಬಹಳ ಚೆನ್ನಾಗಿದೆ’ ಎಂದೆ. ಅವರು ನಕ್ಕರು. ಬದುಕಿನಲ್ಲಿ ನಾನು ಸುಳ್ಳು ಹೇಳಿದ್ದು ಬಹಳ. ಹೇಳಿ ಮುಗಿಸಿ ಹೊರಗೆ ಕಾರಿನಲ್ಲಿ ಕೂತು, ನಿಜ ಹೇಳಲು ಮತ್ತೆ ಒಳಗೆ ಹೋಗಲೇ ಎಂದು ಬಾಗಿಲು ತೆರೆದು ಮುಚ್ಚಿದ್ದು ಅದೊಂದೇ ಸಲ.

ಆದ್ದರಿಂದ ಕೇಳಿ. ಓದಲಾರದವನ ಒಪ್ಪಿಗೆ ಒಪ್ಪಿಗೆಯಲ್ಲ. ನನ್ನ ಸಹಿಯನ್ನು ರದ್ದುಮಾಡಿ. ನಂಬಿಕೆ ಇಲ್ಲವೋ, ನಿಮ್ಮ ಸಭೆಗೆ ನನ್ನನ್ನು ಕರೆಸಿ, ಆ ಸಾಲನ್ನು ಎಲ್ಲರೆದುರು ಓದಲು ಹೇಳಿ. ನಿಂತು ತಡವರಿಸುತ್ತೇನೆ, ನೋಡಿಕೊಳ್ಳಿ. ಆದರೆ ಸಭೆ ಶುಕ್ರವಾರಕ್ಕಿಂತ ಮೊದಲು ಆಗಲಿ. ಆಮೇಲೆ ಮೂವತ್ತೆಂಟನ್ನೂ, ಒಂದೂ ಕಮ್ಮಿಯಾಗದಂತೆ, ನನ್ನ ಕೈಗೆ ಕೊಡಿ. ಸಹಿ ಬೇಕಾದರೆ ಅಶ್ವಿತಾ ಓದಿ ಹೇಳಿದ ಮೇಲೆ ಹಾಕುತ್ತೇನೆ.

ಇಂತಿ,
ಇಂಗ್ಲಿಷಿನಲ್ಲಿ ತನ್ನ ಹೆಸರೊಂದನ್ನು ಮಾತ್ರ ಚಂದವಾಗಿ ಬರೆಯಬಲ್ಲ
ಮೋನಪ್ಪ
ಸ್ಟರ್ಲಿಂಗ್, ವರ್ಜೀನಿಯಾ