ಗಲಗಲಿಯಲ್ಲಿ ತೆಗೆದ ಒಂದು ದೃಶ್ಯ

ಜಮಖಂಡಿ
೧೪ ಡಿಸೆಂಬರ್ ೨೦೨೫

ಪ್ರೀತಿಯ ತಂಗಿ ಗಂಗವ್ವನಿಗೆ,

ಅಣ್ಣನ ಆಶೀರ್ವಾದಗಳು. ದೀಪಾವಳಿಯಾದ ವಾರಕ್ಕೆ ಬಂದ ನಿನ್ನ ಪತ್ರಕ್ಕೆ ಇವತ್ತು ಉತ್ತರ ಬರೆಯಲು ಕೂತಿದ್ದೇನೆ. ತಪ್ಪು ನನ್ನದೇ. ಚಳಿಗೆ ಬೆರಳು ಬಗ್ಗುವುದಿಲ್ಲ ಎಂದು ನನ್ನ ಮನೆಯಾಕೆ, ನಿನ್ನ ವೈನಿ ಸುಂದರವ್ವನ ಮುಂದೆ ನೆಪ ಹೇಳಿದೆ. "ದಿನಾ ಪೇಪರಿನ್ಯಾಗಿನ ಪದಬಂಧ ತುಂಬೂ ಮುಂದ ಬಗ್ಗತಾವಲ್ಲ?" ಎಂದು ಕೇಳಿ ಪೆನ್ನು ತಂದು ಕೈಗೆ ಕೊಟ್ಟಳು. ಅವಳ ಮೊಣಕಾಲು ನೋವು ಈಗ ಕಡಿಮೆ. ನಿನ್ನನ್ನು ಸಂಕ್ರಾಂತಿಗೆ ಕರೆಸಿಕೊಳ್ಳಬೇಕೆಂದು ಒಂದೇ ಸಮನೆ ಹೇಳುತ್ತಿದ್ದಾಳೆ.

ನಿನ್ನ ಕಿವಿ ಪೂರ್ತಿ ಹೋದ ಮೇಲೆ ಫೋನಿನ ಮಾತು ನಮಗಿಬ್ಬರಿಗೂ ತಪ್ಪಿತು. ಮಷೀನು ಹಾಕಿಕೊಂಡರೆ ತಲೆಯೊಳಗೆ ಮಗ್ಗ ನಡೆದಂತಾಗುತ್ತದೆ ಎಂದು ಬರೆದಿದ್ದೀ. ಹಾಗಾದರೆ ಹಾಕಿಕೊಳ್ಳಬೇಡ, ಕಾಗದವೇ ಇರಲಿ. ಮೊನ್ನೆ ನಿನ್ನ ಯಜಮಾನರು ಭೀಮಪ್ಪನವರು ಪೇಟೆಗೆ ಬಂದಾಗ ನಮ್ಮಲ್ಲಿಗೂ ಬಂದಿದ್ದರು. ನೀನು ಧಾರಾವಾಹಿಯನ್ನು ಬರೀ ಮುಖ ನೋಡಿಯೇ ತಿಳಿದುಕೊಳ್ಳುತ್ತೀಯಂತೆ. "ಕಿವಿ ಇದ್ದ ನನಗ ತಿಳಿಯೂದಿಲ್ಲರಿ, ಆಕಿ ಎಲ್ಲಾ ಬಿಡಿಸಿ ಹೇಳ್ತಾಳ" ಎಂದು ನಕ್ಕರು. ಅವರ ಜೊತೆ ನಾನೂ ನಕ್ಕೆ, ಆದರೆ ಅವರು ಹೋದ ಮೇಲೆ ಊಟ ಸೇರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಬನಹಟ್ಟಿಯಲ್ಲಿ ಮಧುಮತಿ ಎಂಬ ಕಾಲೇಜಿನ ಉಪನ್ಯಾಸಕಿ ಇದ್ದಾಳೆ. ಅವಳೂ ಅವಳ ಗೆಳೆಯರೂ ಸೇರಿ ತಿಂಗಳಿಗೊಮ್ಮೆ ಸಿನಿಮಾ ನೋಡಿ ಮಾತಾಡುವ ಒಂದು ಕೂಟ ಮಾಡಿಕೊಂಡಿದ್ದಾರೆ. ನಾನು ಎಪ್ಪತ್ತೊಂದನೇ ಇಸವಿಯಿಂದ ನೋಡಿದ ಪ್ರತಿ ಸಿನಿಮಾ, ಪ್ರತಿ ಧಾರಾವಾಹಿಯ ಬಗ್ಗೆ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆಂದು ಯಾರೋ ಹೇಳಿದ್ದಾರೆ. ಅವಳು ಮನೆಗೇ ಬಂದಳು. "ಸರ್, ಈ ಐವತ್ತು ವರ್ಷದಾಗ ನಿಮ್ಮ ಮನಸಿಗೆ ಹಿಡಿದಿದ್ದ ಹತ್ತು ಹೇಳ್ರಿ. ದೊಡ್ಡ ದೊಡ್ಡವರ ಪಟ್ಟಿ ಬ್ಯಾಡ, ನಿಮ್ಮವು ಬೇಕು" ಎಂದಳು. ನನ್ನ ಜೀವಮಾನದಲ್ಲಿ ಹಾಗೆ ಕೇಳಿದವರಿಲ್ಲ. ಸಾಲೆಯ ಗುಮಾಸ್ತನಾಗಿ ಮೂವತ್ನಾಲ್ಕು ವರ್ಷ ದುಡಿದೆ, ಯಾರೂ ವೇದಿಕೆಗೆ ಕರೆದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಚೆನ್ನಾಗಿಯೇ ಮಾತಾಡಿದೆ. ಮಗ ಎಷ್ಟೋ ವರ್ಷಕ್ಕೆ ಮನೆಗೆ ಬಂದಾಗ ಅಳದೆ, ಅವನ ಕಾಲಿಗೆ ನೀರು ತರಲು ಒಳಗೆ ಓಡುವ ಆ ಕಪ್ಪು-ಬಿಳುಪು ಚಿತ್ರದ ತಾಯಿಯ ಬಗ್ಗೆ ಹೇಳಿದೆ. ಜನ್ಮವಿಡೀ ನಗಿಸಿದ ನಟ ಒಂದೇ ಒಂದು ಚಿತ್ರದಲ್ಲಿ ನಗಿಸದೆ ಸುಮ್ಮನೆ ಬೀಡಿ ಹಚ್ಚುವುದನ್ನು ಹೇಳಿದೆ. ಮುಧೋಳದಲ್ಲಿ ನಾವಿಬ್ಬರೂ ನೋಡಿದ ಮರಾಠಿ ಚಿತ್ರ ನೆನಪಿದೆಯೇ? ಟಿಕೆಟ್ಟಿನ ಸಾಲಿನಲ್ಲಿ ನಿನ್ನ ಚಪ್ಪಲಿ ಕಿತ್ತುಹೋಗಿ, ಬರಿಗಾಲಲ್ಲೇ ಚಿತ್ರ ನೋಡಿದ್ದೀ. ಅದನ್ನೂ ಹೇಳಿದೆ. ಅವ್ವ ಟಾಕೀಸಿಗೆ ಬರುತ್ತಿರಲಿಲ್ಲವಾದ್ದರಿಂದ ನೀನು ಮನೆಗೆ ಬಂದು, ಅವಳು ರೊಟ್ಟಿ ಬಡಿಯುವಾಗ, ನಾಯಕ ನಾಯಕಿ ಖಳ ಎಲ್ಲರೂ ನೀನೇ ಆಗಿ ಇಡೀ ಚಿತ್ರ ಮಾಡಿ ತೋರಿಸುತ್ತಿದ್ದೀ ಎಂದಾಗ ಹುಡುಗರೆಲ್ಲ ನಕ್ಕರು.

ಹತ್ತನೆಯದಕ್ಕೆ, ಮುಳುಗಡೆಯ ಊರಿನ ಕಥೆಯ ಆ ಧಾರಾವಾಹಿಯ ಹೆಸರು ಹೇಳಿದೆ. ಹೌದು, ಗಲಗಲಿಯಲ್ಲಿ ತೆಗೆದದ್ದೇ. ಮಧುಮತಿ, "ಇದನ್ನ ನಾವ್ಯಾರೂ ನೋಡಿಲ್ರಿ. ಅದರಾಗ ಏನ್ ಹಿಡಿಸ್ತು, ಸರ್?" ಎಂದು ಕೇಳಿದಳು. ಕೈಯಲ್ಲಿದ್ದ ನೋಟುಬುಕ್ಕು ಮುಚ್ಚಿದೆ. "ಸಾಕು, ಮತ್ತ ಹೇಳ್ತೀನಿ" ಎಂದು ಇಳಿದುಬಂದೆ.

ಗಂಗವ್ವ, ತೊಂಬತ್ನಾಲ್ಕರ ಆ ಚಳಿಗಾಲ ನಿನಗೂ ನೆನಪಿರಬೇಕು. ಧಾರವಾಡದ ಕಡೆಯ ನಿರ್ದೇಶಕರೊಬ್ಬರು ಹೊಳೆ ದಂಡೆಯಲ್ಲಿ ಚಿತ್ರೀಕರಣ ಮಾಡುತ್ತಾರೆ, ಊರವರಿಗೂ ಪಾತ್ರ ಕೊಡುತ್ತಾರೆ ಎಂದು ಸುದ್ದಿ ಬಂದಾಗ ನಾನು ನಾಲ್ಕು ದಿನ ರಜೆ ಹಾಕಿದೆ. ಧೋತರ ಉಟ್ಟು, ರುಮಾಲು ಸುತ್ತಿ, ಕನ್ನಡಿಯ ಮುಂದೆ ತಾಲೀಮು ಮಾಡಿದೆ. ಅನಗವಾಡಿಯಿಂದ ನೀನು ನಮ್ಮಿಬ್ಬರಿಗೂ ಬುತ್ತಿ ಕಟ್ಟಿಕೊಂಡು ಬಂದಿದ್ದೀ. ನನಗೆ ಊರ ಹಿರಿಯನ ನಾಲ್ಕು ಮಾತು ಕೊಟ್ಟು ಹೇಳಿಸಿದರು. ಹೇಳಿದೆ. ನಿರ್ದೇಶಕರು, "ನೀವು ಸಿನಿಮಾ ಬಾಳ ನೋಡೀರಿ ಅಂತ ಕಾಣ್ತದ" ಎಂದರು. ಸುತ್ತ ನಿಂತವರು ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಆದರೆ ಆ ನಗು ಇಂದಿಗೂ ನನ್ನ ಬೆನ್ನಿನ ಮೇಲಿದೆ.

ಆಮೇಲೆ ಅವರು ಬುತ್ತಿಯ ಗಂಟು ಬಿಚ್ಚುತ್ತಿದ್ದ ನಿನ್ನ ಕಡೆ ನೋಡಿದರು.

"ಅಕ್ಕಾರ, ಒಂದ್ ಮನಿ ಬಾಗಲಾ ಕೀಲಿ ಹಾಕ್ತೀರೇನ್ರಿ?"

"ಕೀಲಿ ಹಾಕೂದೇನ್ ದೊಡ್ಡ ಮಾತ್ರಿ?" ಎಂದು ನೀನು ಎದ್ದು ನಿಂತೆ.

ಊರು ಬಿಟ್ಟು ಹೋಗುವ ಹೆಣ್ಣುಮಗಳ ಪಾತ್ರ. ಮಾತಿಲ್ಲ. ನಾನು ಅದನ್ನು ನೋಡಲು ನಿಲ್ಲಲಿಲ್ಲ, ಹೊಳೆಯ ಕಡೆ ಹೋಗಿ ಕೂತೆ. ಮುಗಿಸಿ ಬಂದ ನೀನು, "ಅಣ್ಣಾ, ನಿನಗ ಕೊಡಬೇಕಾಗಿತ್ತು. ನಿನ್ನಷ್ಟು ಯಾರಿಗ ತಿಳೀತದ?" ಎಂದಿದ್ದೀ.

ಮರುವರ್ಷ ಏಪ್ರಿಲಿನಲ್ಲಿ ಆ ಕಂತು ಟಿವಿಯಲ್ಲಿ ಬಂತು. ನಿಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕರೆಂಟು ಇರಲಿಲ್ಲ. ರವಿವಾರ ಮೊದಲ ಬಸ್ಸಿಗೇ ನೀನು ಬಂದೆ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಕೇಳಿದೆ: "ಅಣ್ಣಾ, ನಾ ಬಂದಿದ್ನೇನು?"

"ನೋಡಿದೆ. ನಿನ್ನ ಭಾಗ ಕಟ್ ಮಾಡ್ಯಾರವ್ವ" ಎಂದೆ.

ನೀನು ಒಂದು ಗಳಿಗೆ ಗೋಡೆ ನೋಡಿದೆ. "ಹೋಗಲಿ ಬಿಡು. ಸರಿ ಬಂದಿರಲಿಕ್ಕಿಲ್ಲ" ಎಂದು ಒಳಗೆ ಹೋಗಿ ಅವ್ವನ ಕೈಯಿಂದ ಒಲೆಯ ಕೆಲಸ ತೆಗೆದುಕೊಂಡೆ.

ಅಂದಿನಿಂದ ನೀನು ಮನೆಯಲ್ಲಿ ಯಾರ ಅಣಕವನ್ನೂ ಮಾಡಲಿಲ್ಲ. ಅವ್ವ ಒಮ್ಮೆ, "ಮುತ್ತವ್ವತ್ತಿ ನಡಿಗಿ ಮಾಡಿ ತೋರಸ ಬೇ" ಎಂದು ಕೇಳಿದರೂ, "ಅದೆಲ್ಲಾ ಹುಡುಗಾಟಿಕಿ" ಎಂದುಬಿಟ್ಟೆ. ಎರಡು ವರ್ಷ ಬಿಟ್ಟು ಅದೇ ನಿರ್ದೇಶಕರು ಬೀಳಗಿಗೆ ಬಂದು, ದೊಡ್ಡ ಪಾತ್ರವಿದೆ ಎಂದು ನಿಮ್ಮ ಮನೆಗೇ ಹೇಳಿ ಕಳಿಸಿದರು. ಭೀಮಪ್ಪನವರು ಒಪ್ಪಿದ್ದರು. ನೀನೇ ಒಪ್ಪಲಿಲ್ಲ. "ಒಮ್ಮಿ ತಗದ ಒಗದಾರ. ಮತ್ತ ಹೋಗಿ ಯಾಕ ನಗಿ ಮಾಡಿಸ್ಕೊಳ್ಳಿ?" ಎಂದು ನನ್ನ ಮುಂದೆಯೇ ಹೇಳಿದೆ. ನಾನು ಚಹಾ ಕುಡಿಯುತ್ತಾ ಕೂತಿದ್ದೆ.

ನಿನಗೆ, ಭೀಮಪ್ಪನವರಿಗೆ, ಮೊಮ್ಮಕ್ಕಳಿಗೆ ದೇವರು ಒಳ್ಳೆಯ ಆರೋಗ್ಯ ಕೊಡಲಿ. ನಿನ್ನ ಕಣ್ಣು ಕಡೆಯವರೆಗೂ ಚುರುಕಾಗಿರಲಿ. ಈ ಪತ್ರವನ್ನು ಒಬ್ಬಳೇ ಕೂತು ಓದು. ಓದಿದ ಮೇಲೆ ಸಂಕ್ರಾಂತಿಗೆ ಬರುವ ಮನಸ್ಸಾಗದಿದ್ದರೆ ನಾನು ಏನೂ ಅನ್ನುವುದಿಲ್ಲ.

ನಿನ್ನ ಅಣ್ಣ,
ಸೋಮಲಿಂಗ

ತಾ.ಕ.: ನಿನ್ನ ಭಾಗವನ್ನು ಯಾರೂ ಕಟ್ ಮಾಡಿರಲಿಲ್ಲ. ಅದು ಬಂದಿತ್ತು. ಆ ಸಂಜೆ ಅವ್ವ, ಸುಂದರವ್ವ ಇಬ್ಬರೂ ಗುಡಿಗೆ ಹೋಗಿದ್ದರು, ಮನೆಯಲ್ಲಿ ನಾನೊಬ್ಬನೇ ಕೂತು ನೋಡಿದ್ದೆ. ಎದುರು ಮನೆಯ ಶಂಕ್ರೆವ್ವ ಕೂಡ ನೋಡಿ, "ಥೇಟ್ ನಿಮ್ಮ ತಂಗಿ ಕಂಡಂಗಾತಲ್ಲರಿ" ಎಂದು ಓಡಿಬಂದಿದ್ದಳು. ಬೇರೆ ಯಾರೋ ಇರಬೇಕೆಂದು ಅವಳನ್ನೂ ಕಳಿಸಿದೆ. ನಿನ್ನ ಮಾನ ಕಾಯಲಿಕ್ಕೆ, ಮನೆತನಕ್ಕೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಖರೆ ಅಂದರೆ ಅದು ಹೊಟ್ಟೆಕಿಚ್ಚು. ನನಗೆ ಬಾರದ್ದು ನಿನಗೆ ಬುತ್ತಿ ಬಿಚ್ಚಿದಷ್ಟು ಸುಲಭವಾಗಿ ಬಂದಿತ್ತು.

ಬನಹಟ್ಟಿಯಿಂದ ಬಂದ ಮೇಲೆ ಆ ನಿರ್ದೇಶಕರ ಮನೆಯ ನಂಬರು ಹುಡುಕಿ ಫೋನು ಮಾಡಿದೆ. ಅವರು ತೀರಿಕೊಂಡು ಎಂಟು ವರ್ಷವಾಯಿತಂತೆ. ಕ್ಯಾಸೆಟ್ಟುಗಳೆಲ್ಲ ಬೂಸಲು ಹಿಡಿದು ಹಾಳಾದವೆಂದು ಮಗಳು ಹೇಳಿದಳು. ನಿನಗೆ ತೋರಿಸಲು ಈಗ ಏನೂ ಉಳಿದಿಲ್ಲ. ಅದಕ್ಕೇ, ಕಂಡದ್ದನ್ನು ಬರೆಯುತ್ತೇನೆ.

ನೀನು ಬಾಗಿಲು ಎಳೆದುಕೊಂಡೆ. ಕೀಲಿ ಹಾಕಿದೆ. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ, ನಡಕ್ಕೆ ಸಿಗಿಸಿಕೊಂಡೆ. ಐದಾರು ಹೆಜ್ಜೆ ನಡೆದೆ. ಆಮೇಲೆ ನಿಂತು, ತಿರುಗಿ ಬಂದು, ಕೀಲಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದೆ. ನಾಳೆ ನೀರಿಗೆ ಹೋಗುವ ಮನೆ ಅದು. ಜಗ್ಗಿದ ಮೇಲೆ ನಿನಗೂ ಅದು ಹೊಳೆದಂತೆ, ಕೈ ಕೀಲಿಯ ಮೇಲೇ ನಿಂತುಬಿಟ್ಟಿತು. ಅಷ್ಟೇ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಆ ರವಿವಾರ ಬಾಗಿಲಲ್ಲಿ ನೀನು ಕೇಳಿದ್ದಕ್ಕೆ ನಾನು ಹೇಳಬೇಕಾಗಿದ್ದ ಉತ್ತರ ಇದು: ಬಂದಿದ್ದಿ, ಗಂಗವ್ವ. ಬಾಳ ಛಲೋ ಮಾಡಿದ್ದಿ.